ತಂಬೂರ ಕ್ಲಬ್ಬಿಗೆ ಕೊಟ್ಟ ಜಮಖಾನೆ

ನವಲಗುಂದದ ಪೇಟೆಯಲ್ಲಿ ಜಮಖಾನೆಯ ಅಂಗಡಿ ಇಟ್ಟಿದ್ದ ಬಾಷಾಸಾಬನಿಗೆ ಐವತ್ತು ದಾಟಿದ ಮೇಲೆ ಒಂದು ಆಸೆ ಹುಟ್ಟಿತು. ಇನ್ನು ಹಾಸಿದ್ದು ಸಾಕು, ಒಮ್ಮೆಯಾದರೂ ಕುಳಿತುಕೊಳ್ಳಬೇಕು ಎಂಬ ಆಸೆ.

ತಾಲೂಕಿನಲ್ಲಿ ಯಾರ ಮನೆಯ ಮದುವೆಯೇ ಆಗಲಿ, ಮಂತ್ರಿಯೇ ಬರಲಿ, ಸೊಸೈಟಿಯ ಸಭೆಯೇ ನಡೆಯಲಿ, ಬಾಡಿಗೆಯ ಜಮಖಾನೆ ಹೋಗುತ್ತಿದ್ದುದು ಅವನ ಅಂಗಡಿಯಿಂದಲೇ. ಎಲ್ಲರಿಗಿಂತ ಮೊದಲು ಹೋಗಿ ಸುಕ್ಕಿಲ್ಲದಂತೆ ಹಾಸುವವನು ಅವನು. ಎಲ್ಲರೂ ಎದ್ದು ಹೋದ ಮೇಲೆ ಎಲೆ ಅಡಿಕೆಯ ಕಲೆ ಒರೆಸಿ, ಸುತ್ತಿ, ಎತ್ತಿನ ಗಾಡಿಗೆ ಹೇರುವವನೂ ಅವನೇ. ನಡುವಿನ ಹೊತ್ತಿನಲ್ಲಿ ಅವನು ಚಪ್ಪರದ ಕಂಬಕ್ಕೆ ಒರಗಿ ನಿಂತಿರುತ್ತಿದ್ದ. ಬಾ, ಕೂಡ್ರು ಎಂದು ಯಾರೂ ಅಂದವರಲ್ಲ. ಕೂಡ್ರಬೇಡ ಎಂದೂ ಯಾರೂ ಅಂದಿರಲಿಲ್ಲ. ಅವನು ಅಲ್ಲಿ ನಿಲ್ಲುವುದು ಕಂಬ ನಿಂತಷ್ಟೇ ಸಹಜವೆಂದು ಎಲ್ಲರೂ ತಿಳಿದಿದ್ದರು.

ಆ ಆಸೆಗೆ ಗೊಬ್ಬರ ಹಾಕಿದವನು ಬಸವಣ್ಣೆಪ್ಪ. ಅವನೂ ಬಾಷಾಸಾಬನೂ ಕನ್ನಡ ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕುಳಿತವರು. ಬಸವಣ್ಣೆಪ್ಪ ಮುಂದೆ ಅಣ್ಣಿಗೇರಿಯಲ್ಲಿ ಹತ್ತಿಯ ಜಿನ್ನಿಂಗ್ ಕಾರಖಾನೆ ಹಾಕಿದ, ಅಂಬಾಸಿಡರ್ ಕಾರು ಕೊಂಡ, ಹೊಟ್ಟೆ ಬೆಳೆಸಿದ. ಎಂಬತ್ತರ ರೈತರ ಗಲಾಟೆ ಆರಿ ಐದಾರು ವರ್ಷವಾಗಿದ್ದ ಆ ಕಾಲದಲ್ಲಿ, ಒಂದು ದಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಕಬ್ಬಿಣದ ಕೋಲುಗಳಿದ್ದ ಉದ್ದನೆಯ ಚೀಲವೊಂದನ್ನು ಹೆಗಲಿಗೇರಿಸಿಕೊಂಡು ಒಳಗೆ ಬಂದ.

“ಏನಲೇ ಬಸಣ್ಣಿ, ಹಾವು ಹಿಡ್ಯಾಕ ಹೊಂಟೀಯೇನು?” ಎಂದ ಬಾಷಾಸಾಬ.

“ಗಾಲ್ಫಲೇ ಹುಚ್ಚಾ, ಗಾಲ್ಫ್. ಸಣ್ಣ ಚೆಂಡ ಇರತೈತಿ, ದೂರ ಒಂದು ಕುಳಿ ಇರತೈತಿ. ಹೊಡದು ಹೊಡದು ಕುಳಿಯಾಗ ಕೆಡವೂದು.”

“ಕೈಲೆ ಒಯ್ದು ಹಾಕಿದ್ರ ಆಗೂದಿಲ್ಲೇನು?”

ಬಸವಣ್ಣೆಪ್ಪ ಹೊಟ್ಟೆ ಕುಣಿಯುವಂತೆ ನಕ್ಕ. ಆಮೇಲೆ ಗಂಭೀರನಾಗಿ, ಚೆಂಡು ಬರೀ ನೆಪವೆಂದೂ, ಹುಬ್ಬಳ್ಳಿಯ ಹತ್ತಿ ವ್ಯಾಪಾರಿಗಳು, ವಕೀಲರು, ದೊಡ್ಡ ಡಾಕ್ಟರರು ಅಲ್ಲಿ ಸೇರುತ್ತಾರೆಂದೂ ಹೇಳಿದ. ಆಟ ಮುಗಿದ ಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಾರಂತೆ.

“ಎಲ್ಲಾರೂ ಕುಂದರತಾರ?” ಎಂದು ಬಾಷಾಸಾಬ ಕೇಳಿದ.

“ಮೆಂಬರ್ ಆದವರೆಲ್ಲಾ ಕುಂದರತಾರ. ನಿನ್ನ ಹೆಸರು ನಾ ಹೇಳತೇನಿ. ಆದ್ರ ಯಾವ ಕ್ಲಬ್ಬು ಅನ್ನೂದು ನೀನ ನೋಡಿ ಆರಿಸಬೇಕು. ಎರಡ ಅದಾವ. ಸಂಶಿ ಸ್ಟೇಶನ್ನಿನ ಆಚೆ ಬಿಳೀ ಸಾಹೇಬ್ರ ಕಾಲದ್ದು ಒಂದು. ಕಲಘಟಗಿ ಕಡೆ ತಂಬೂರದಾಗ ಹೊಸಾದು ಒಂದು, ಈ ವರ್ಷ ಹುಟ್ಟೇತಿ. ನಾ ಎರಡರಾಗೂ ಅದೇನಿ.”

ಅಂದು ಸಂಜೆ ಬಾಷಾಸಾಬ ಅಂಗಡಿಯನ್ನು ಬೇಗ ಮುಚ್ಚಿದ. ಹೊಸ ಹೊಸ್ತಿಲು ತುಳಿಯುವಾಗ ಬರಿಗೈಯಲ್ಲಿ ಹೋಗುವ ರೂಢಿ ಅವನ ಮನೆತನದಲ್ಲಿ ಇರಲಿಲ್ಲ. ಮತ್ತು ಜಮಖಾನೆಯ ಮನೆಯವನು ಒಯ್ಯಬೇಕಾದ್ದು ಜಮಖಾನೆಯನ್ನೇ. ಕೊಟ್ಟ ಹಾಸನ್ನು ಎರಡು ಕೈಯಲ್ಲಿ ತೆಗೆದುಕೊಂಡವನು ಕೊಟ್ಟವನನ್ನೂ ತೆಗೆದುಕೊಂಡಂತೆ. ಬೇಡವೆಂದವನು ಬಾಗಿಲು ಹಾಕಿದಂತೆ. ಅವನಪ್ಪ ಹೆಣ್ಣು ಕೊಡುವ ಮನೆಯನ್ನೂ ಹೀಗೆಯೇ ಅಳೆದಿದ್ದ. ಆದರೆ ದೊಡ್ಡವರ ಕ್ಲಬ್ಬಿಗೆ ಬಾಡಿಗೆಯ ಮಾಲು ಒಯ್ಯುವುದು ಹೇಗೆ? ಅವನ ಕಣ್ಣು ಒಳಮನೆಯ ಟ್ರಂಕಿನ ಮೇಲೆ, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ನವಿಲಿನ ಜಮಖಾನೆಯ ಮೇಲೆ ಬಿತ್ತು.

ಅದು ತೀರಿಕೊಂಡ ಅವನ ತಾಯಿ ರಾಜಮಾಬಿ ನೇಯ್ದದ್ದು. ನಡುವೆ ಪಗಡೆಯ ಹಾಸು, ಸುತ್ತ ಸಾಲುಗಟ್ಟಿ ನಿಂತ ನವಿಲುಗಳು, ಒಂದರ ಬಾಲದ ತುದಿ ಇನ್ನೊಂದರ ಕೊಕ್ಕಿಗೆ ಕೂಡಿಕೊಳ್ಳುವಂಥ ಕೆಲಸ. ಅದನ್ನು ಇಳಿಸಲು ಕೈ ಚಾಚಿದವನನ್ನು ಕಂಡು, ಮಗ್ಗದ ಮುಂದೆ ಕುಳಿತಿದ್ದ ಅವನ ಹೆಂಡತಿ ಮಲಿಕಾಬಿ ಎಳೆ ಬಿಗಿ ಮಾಡುವ ಕಬ್ಬಿಣದ ಪಂಜಾ ಬಡಿಯುವುದನ್ನು ನಿಲ್ಲಿಸಿದಳು.

“ಅದನ್ಯಾಕ ತಗೀತೀರಿ?”

ಅವನು ಹೇಳಿದ. ಅವಳು ಕೇಳಿದಳು.

“ನಿಮಗ ಗಂಡಸರಿಗೆ ಮಾರೂದು ಬಿಟ್ರ ಏನೂ ಗೊತ್ತಿಲ್ಲ,” ಎಂದಳು. “ಅದು ಹಾಸೂ ಜಮಖಾನಿ ಅಲ್ಲರಿ. ಅದನ್ನ ನೋಡಿ ನಾವು ನೇಯ್ತೇವಿ. ನವಿಲ ಎಲ್ಲಿ ತಿರುಗತೈತಿ, ಬಣ್ಣ ಎಲ್ಲಿ ಬದಲಾಗತೈತಿ, ಎಲ್ಲಾ ಅದರಾಗ ಐತಿ. ಅತ್ತಿ ಸಾಯೂತನಕಾ ಅದನ್ನ ಬಾಜುಕ ಹಾಸಿಕೊಂಡ ಎಳಿ ಎಣಿಸಾಕಿ. ನಾನೂ ಹಂಗ. ನನ್ನ ತಲ್ಯಾಗ ಇಲ್ಲದು.”

ನವಲಗುಂದದಲ್ಲಿ ಈ ನೇಯ್ಗೆಯನ್ನು ಹೆತ್ತ ಮಗಳಿಗೆ ಕಲಿಸುತ್ತಿರಲಿಲ್ಲ. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದರೆ ಕೈಯೊಳಗಿನ ಕಸುಬೂ ಅವಳ ಹಿಂದೆ ಹೋದೀತೆಂಬ ಭಯ. ಅವರ ಮಗಳು ಜಮೀಲಾಬಿ ಚಿಕ್ಕವಳಿದ್ದಾಗ ಮಗ್ಗದ ಹತ್ತಿರ ಸುಳಿದರೆ ಅಜ್ಜಿ ಬೈದು ಓಡಿಸುತ್ತಿದ್ದಳು. ಈಗ ಜಮೀಲಾಬಿ ಗಂಡನ ಊರು ಸವಣೂರಿನಲ್ಲಿ ಬೀಡಿ ಕಟ್ಟುತ್ತಿದ್ದಳು. ಕಸುಬೆಲ್ಲ ಸೊಸೆಗೆ. ರಾಜಮಾಬಿಯಿಂದ ಮಲಿಕಾಬಿಗೆ ಬಂದದ್ದು, ಮಲಿಕಾಬಿಯಿಂದ ಇನ್ನು ಬರಲಿರುವ ಸೊಸೆಗೆ ಹೋಗಬೇಕು. ನಸೀಮಾಬಿಯೊಂದಿಗೆ ಮಗನ ಮದುವೆ ರಮಜಾನ್ ಕಳೆದ ಮೇಲೆ ಎಂದು ನಿಶ್ಚಯವಾಗಿತ್ತು.

“ನಸೀಮಾಬಿ ಬಂದು ಕೈ ಕುದುರಿದ ಮ್ಯಾಲ ಅಕೀಗಿ ನವಿಲ ಕಲಸಬೇಕು,” ಎಂದಳು ಮಲಿಕಾಬಿ. “ಅದಿಲ್ಲಂದ್ರ ಯಾತರ ಮ್ಯಾಲಿಂದ ಕಲಸ್ಲಿ?”

“ಅಷ್ಟರಾಗ ತಂದ ಕೊಡತೇನಿ. ಇದರ ಬದಲಿ ಹೊಸಾದೊಂದು ಕೊಟ್ಟು ಇದನ್ನ ಬಿಡಿಸಿಕೊಂಡ ಬರತೇನಿ. ಅಲ್ಲಾನ ಆಣಿ.”

ಅವಳು ಒಪ್ಪಬಾರದಿತ್ತು. ಆದರೆ ಹಿಂದೊಮ್ಮೆ ತಹಸೀಲ್ದಾರರ ಮಗಳ ಮದುವೆಯಲ್ಲಿ, ಚಪ್ಪರದ ಹಿಂದೆ, ಸುತ್ತಿಟ್ಟ ಜಮಖಾನೆಗಳಿಗೆ ಒರಗಿ ನಿಂತಲ್ಲೇ ತೂಕಡಿಸುತ್ತಿದ್ದ ಗಂಡನನ್ನು ಅವಳು ಕಂಡಿದ್ದಳು. ಉಂಡವರು ಕೈ ತೊಳೆದ ನೀರು ಅವನ ಕಾಲಿನವರೆಗೆ ಹರಿದುಬಂದಿತ್ತು. ಆ ನೆನಪು ಅವಳ ಬಾಯಿ ಕಟ್ಟಿತು. ಜಮಖಾನೆಯನ್ನು ಅವಳೇ ಇಳಿಸಿ ಅವನ ಕೈಗೆ ಕೊಟ್ಟಳು.

ಸಂಶಿಯ ಕ್ಲಬ್ಬು ನೋಡಿದೊಡನೆ ಬಾಷಾಸಾಬನ ಉತ್ಸಾಹ ಅರ್ಧ ಇಳಿಯಿತು. ಎರೆಯ ಬಯಲಿನಲ್ಲಿ ಹಂಚಿನ ಒಂದು ಮನೆ, ಮುರಿದ ಕೈಯ ಕುರ್ಚಿಗಳು, ಕಣ್ಣು ಹರಿಯುವಷ್ಟು ದೂರ ಬಿರುಕು ಬಿಟ್ಟ ಕರಿಯ ನೆಲ. ಚೆಂಡು ಬಿರುಕಿನೊಳಗೆ ಬಿದ್ದರೆ ಹುಡುಕಬಾರದು, ಪಾತಾಳದವರು ಆಡಿಕೊಳ್ಳಲಿ ಎಂದು ಬಿಟ್ಟುಬಿಡಬೇಕು ಎಂದ ಬಸವಣ್ಣೆಪ್ಪ. ಹುಲ್ಲು ಬೆಳೆಸಲು ನೀರಿಲ್ಲದ್ದರಿಂದ ಕುಳಿಯ ಸುತ್ತ ದುಂಡಗೆ ಮರಳು ಹರವಿ, ಲಾರಿಯ ಸುಟ್ಟ ಎಣ್ಣೆ ಸುರಿದು ಗಟ್ಟಿ ಮಾಡಿದ್ದರು. ಹೊಳೆಯಪ್ಪನೆಂಬ ಆಳು ಹಗ್ಗ ಕಟ್ಟಿದ ಗೋಣಿಚೀಲವನ್ನು ಆ ಮರಳಿನ ಮೇಲೆ ಎಳೆಯುತ್ತಿದ್ದ. ಜನ ನಡೆದ ಹೆಜ್ಜೆ ಅಳಿದು, ಚೆಂಡು ಉರುಳಲು ನುಣ್ಣನೆಯ ದಾರಿ ಬೀಳುತ್ತಿತ್ತು. ಗೋಣಿ ಎಣ್ಣೆ ಕುಡಿದು ಎಮ್ಮೆಯ ಚರ್ಮದಂತೆ ಕರ್ರಗಾಗಿತ್ತು.

ಕಾರ್ಯದರ್ಶಿ ಇನಾಮದಾರರು ರೈಲ್ವೆಯಲ್ಲಿ ಗಾರ್ಡಾಗಿ ನಿವೃತ್ತರಾದ ಒಣಕಲು ಮುದುಕರು. ಬಾಷಾಸಾಬನನ್ನು ಪಡಸಾಲೆಯ ಬೆಂಚಿನ ಮೇಲೆ ಕೂಡ್ರಿಸಿ, ತಾವು ನಿಂತೇ ಮಾತಾಡಿದರು.

“ಮೆಂಬರ್ ಆಗ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಮೊದಲ ಆಟ ಕಲೀರಿ. ಆಡದವರು ಇಲ್ಲಿ ಬಂದು ಏನ್ ಮಾಡತಾರ?”

ಬಾಷಾಸಾಬ ಬಿಳಿ ಬಟ್ಟೆ ಬಿಚ್ಚಿ ಜಮಖಾನೆಯನ್ನು ಹರವಿದ. ಬಿಸಿಲಿಗೆ ನವಿಲುಗಳು ಎದ್ದು ನಿಂತವು. ಇನಾಮದಾರರು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಅದರ ಅಂಚಿನ ಮೇಲೆ ಬೆರಳಾಡಿಸಿದರು. ಆಮೇಲೆ ತಾವೇ ಅದನ್ನು ಮೆಲ್ಲಗೆ ಮಡಿಚತೊಡಗಿದರು.

“ಇದನ್ನ ಮನೀಗಿ ಒಯ್ಯಿರಿ. ಇಲ್ಲಿ ಹಾಸಾಕ ಜಾಗಾ ಇಲ್ಲ. ನಮ್ಮ ಮಂದಿ ಬೂಟಿನ ತಳಕ್ಕ ಮೊಳಿ ಇರತಾವ.”

ಬಾಷಾಸಾಬನ ಕಿವಿ ಕೆಂಪಾದವು. ಕಾರು ಕುಂದಗೋಳ ದಾಟಿತು.

“ನೋಡಿದೇನು? ಕೊಟ್ಟದ್ದನ್ನ ಮಡಚಿ ಕೈಯಾಗಿಟ್ಟ,” ಎಂದ ಅವನು. “ನಮ್ಮಪ್ಪನ ಕಾಲದಾಗ ಆಗಿದ್ರ ಇಂಥಾ ಮನೀ ನೀರೂ ಕುಡೀತಿರಲಿಲ್ಲ.”

“ಮುದುಕಾ ಒರಟ ಅದಾನ ಖರೆ. ಆದ್ರ ಬೂಟಿಗೆ ಮೊಳಿ ಇರೂದು ಸುಳ್ಳಲ್ಲೋ ಮಾರಾಯಾ.”

“ಮೊಳಿ ಬೂಟಿನಾಗ ಇರಲಿಲ್ಲಲೇ. ಮಾತಿನಾಗ ಇತ್ತು.”

ಮುಂದಿನ ವಾರ ತಂಬೂರಕ್ಕೆ ಹೋದರು. ಅಲ್ಲಿ ಕೆಂಪು ಮಣ್ಣು, ಗಿಡಗಳ ನೆರಳು, ದೂರಕ್ಕೆ ಕೆರೆಯ ನೀರಿನ ಹೊಳಪು. ಮೈದಾನ ಇನ್ನೂ ಸಿದ್ಧವಾಗಿರಲಿಲ್ಲ; ಕುಳಿ ಇರಬೇಕಾದಲ್ಲಿ ಕೋಲು ನೆಟ್ಟಿದ್ದರು, ಮರಳಿನ ಗುಡ್ಡೆಗಳು ಬಿದ್ದಿದ್ದವು. ಆದರೆ ಕ್ಲಬ್ಬಿನ ಕಟ್ಟಡಕ್ಕೆ ಸುಣ್ಣ ಬಳಿದಾಗಿತ್ತು. ಒಳಗಿನ ದೊಡ್ಡ ಹಾಲಿನಲ್ಲಿ ಬೆತ್ತದ ಕುರ್ಚಿಗಳು ಒಂದೇ ಸಾಲಿನಲ್ಲಿ ನಿಂತಿದ್ದವು. ಕಾರ್ಯದರ್ಶಿ ಸೊರಟೂರ ವಕೀಲರು ಹೊರಗೆ ಬಂದು ಬಾಷಾಸಾಬನ ಕೈ ಕುಲುಕಿದರು, ಹೆಗಲ ಮೇಲೆ ಕೈ ಹಾಕಿದರು, ಸಾಲಿನ ನಡುವಿನ ಕುರ್ಚಿಯಲ್ಲಿ ಕೂಡ್ರಿಸಿದರು.

“ನಿಮ್ಮಂಥಾವರು ಬರಬೇಕ್ರಿ. ನಮ್ಮ ಜಿಲ್ಲಾದ ಕಸುಬುದಾರಿಕಿ ಅಂದ್ರ ಸಣ್ಣ ಮಾತೇನು?”

ಜಮಖಾನೆ ಬಿಚ್ಚಿದಾಗ ಅವರು ಎದ್ದು ನಿಂತು, ಎರಡೂ ಕೈ ಚಾಚಿ ತೆಗೆದುಕೊಂಡರು. ಎದೆಗೆ ಒತ್ತಿಕೊಂಡರು. ಇಲ್ಲೇ ಇರಲಿ, ಇದು ಕ್ಲಬ್ಬಿನ ಶೋಭೆ ಎಂದರು. ಆ ಎರಡು ಕೈಗಳನ್ನು ಕಂಡ ಮೇಲೆ ಬಾಷಾಸಾಬನಿಗೆ ಇನ್ನೇನನ್ನೂ ನೋಡುವುದು ಉಳಿಯಲಿಲ್ಲ. ತಿರುಗಿ ಬರುವಾಗ ಕಾರಿನಲ್ಲಿ ಅವನು ಹಾಡು ಗುನುಗಿದ. ಹೊಸದನ್ನು ಕೊಟ್ಟು ಹಳೆಯದನ್ನು ತರುವ ಮಾತನ್ನು ವಕೀಲರ ಮುಂದೆ ಆಡಲಿಲ್ಲ. ಮೊದಲ ದಿನವೇ ಕೊಟ್ಟದ್ದನ್ನು ತಿರುಗಿ ಕೇಳುವುದು ದೊಡ್ಡಸ್ತಿಕೆಯಲ್ಲವೆಂದುಕೊಂಡ.

ರಮಜಾನ್ ಕಳೆಯಿತು, ಮದುವೆಯಾಯಿತು, ನಸೀಮಾಬಿ ಮನೆಗೆ ಬಂದಳು. ಗದಗಿನ ಕಡೆಯ ಹುಡುಗಿ, ಮಾತು ಕಡಿಮೆ, ಕೈ ಚುರುಕು. ಅತ್ತೆಯ ಪಕ್ಕಕ್ಕೆ ಕುಳಿತು ಎಳೆ ಹಾಕುವುದನ್ನು, ಪಂಜಾದಿಂದ ಬಡಿದು ಬಿಗಿ ಮಾಡುವುದನ್ನು ಕಲಿತಳು. ಕ್ಲಬ್ಬಿಗೆ ಕೊಡಬೇಕಾದ ಹೊಸ ಜಮಖಾನೆಯೇ ಅವಳ ಮೊದಲ ಕೆಲಸವಾಯಿತು. ನವಿಲಿಲ್ಲ, ಬರೀ ಪಟ್ಟೆ. ಆದರೆ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯುವವರೆಗೆ ಬಡಿದು ನೇಯ್ದದ್ದು. ಅದನ್ನು ಮಗ್ಗದಿಂದ ಇಳಿಸಿದ ದಿನವೇ ಮಲಿಕಾಬಿ ನವಿಲಿಗಾಗಿ ಹೊಸ ಹಾಸುನೂಲು ಬಿಗಿದಳು.

“ನೂಲು ಬಿಗದೇನಿ,” ಎಂದು ಗಂಡನಿಗೆ ಹೇಳಿದಳು. “ಇನ್ನ ತರ್ರಿ.”

ಆ ಭಾನುವಾರವೇ ತಂಬೂರದ ಮೈದಾನದಲ್ಲಿ ಮೊದಲ ಆಟ. ಬಾಷಾಸಾಬ ಬಿಳಿಯ ಪ್ಯಾಂಟು ಹೊಲಿಸಿದ್ದ, ಕ್ಯಾನ್ವಾಸ್ ಬೂಟು ಕೊಂಡಿದ್ದ. ಹೊಸ ಜಮಖಾನೆಯನ್ನು ಕಾರಿನ ಹಿಂದಿನ ಸೀಟಿನ ಮೇಲೆ, ಮನುಷ್ಯನನ್ನು ಕೂಡ್ರಿಸಿದಂತೆ, ನೆಟ್ಟಗೆ ನಿಲ್ಲಿಸಿಕೊಂಡು ಬಂದ. ಕಟ್ಟಡದೊಳಗೆ ಕಾಲಿಟ್ಟವನು ಮೊದಲು ನೆಲ ನೋಡಿದ. ನೆಲದ ಮೇಲೆ ನಾರಿನ ಚಾಪೆ ಇತ್ತು. ಗೋಡೆ ನೋಡಿದ, ಗೋಡೆಗೆ ಕ್ಯಾಲೆಂಡರ್ ಇತ್ತು. ಒಳಕೋಣೆಯಲ್ಲಿ ಇಟ್ಟಿರಬಹುದೆಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ವಕೀಲರು ಅವನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು.

ಮೊದಲನೆಯ ಕುಳಿಯ ಹತ್ತಿರ ಎಲ್ಲರೂ ಸುತ್ತುಗಟ್ಟಿ ನಿಂತಿದ್ದರು. ಸಂಶಿಯಲ್ಲಿ ಇದ್ದಂತೆಯೇ ಇಲ್ಲಿಯೂ ದುಂಡಗೆ ಮರಳು, ಅದರ ಮೇಲೆ ಸುಟ್ಟ ಎಣ್ಣೆಯ ವಾಸನೆ.

“ಹೊಸಾ ಮೆಂಬರು ಬೋಣಿ ಮಾಡಲಿ,” ಎಂದರು ಯಾರೋ. ಚೆಂಡನ್ನು ಮರಳಿನ ಅಂಚಿಗೆ ಇಟ್ಟರು. ಬಸವಣ್ಣೆಪ್ಪ ಒಂದು ಕೋಲು ತಂದು ಅವನ ಕೈಗೆ ಕೊಟ್ಟ.

“ನಿಂದರ್ರಿ ಸಾಹೇಬ್ರ, ದಾರಿ ಮಾಡತೇನ್ರಿ,” ಎನ್ನುತ್ತ ಬೀರಲಿಂಗಪ್ಪನೆಂಬ ಮಾಲಿ ಮುಂದೆ ಬಂದ. ಅವನ ಕೈಯಲ್ಲಿ ಹಗ್ಗವಿತ್ತು. ಹಗ್ಗದ ತುದಿಗೆ ಮಡಿಕೆ ಮಾಡಿ ಕಟ್ಟಿದ ಕರಿಯ ಬಟ್ಟೆಯೊಂದು ಮರಳಿನ ಮೇಲೆ ಭಾರವಾಗಿ ತೆವಳಿಕೊಂಡು ಬಂತು. ಬಾಷಾಸಾಬ ಅದನ್ನು ಗೋಣಿಚೀಲವೆಂದೇ ತಿಳಿದ. ಅವನ ಕಾಲ ಮುಂದೆ ಅದು ತಿರುಗುವಾಗ ಒಂದು ಮಗ್ಗುಲು ಮೇಲಕ್ಕೆ ಬಂತು. ಅಲ್ಲಿ ಎಣ್ಣೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಒಂದು ಕೊಕ್ಕು, ಕೊಕ್ಕಿಗೆ ಕೂಡಿದ ಒಂದು ಬಾಲದ ತುದಿ.

ಮರಳು ನುಣುಪಾಯಿತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಇಷ್ಟು ಜನ ತನ್ನನ್ನು ನೋಡಿದ್ದು ಅವನ ಬಾಳಿನಲ್ಲಿ ಅದೇ ಮೊದಲು. ಅವನ ಕೈ ತಾನಾಗಿ ಕೋಲನ್ನು ತೂಗಿತು. ತಾಯಿಯ ನವಿಲುಗಳು ತಿಕ್ಕಿ ಮಾಡಿದ ದಾರಿಯ ಮೇಲೆ ಚೆಂಡು ಸದ್ದಿಲ್ಲದೆ ಉರುಳಿ, ಕುಳಿಯ ಅಂಚಿನಲ್ಲಿ ಅರೆಕ್ಷಣ ನಿಂತು, ಒಳಗೆ ಬಿತ್ತು.

ಚಪ್ಪಾಳೆ ಬಿದ್ದವು. “ಶಾಬಾಸ್ ಸಾಬ್ರ!” ಎಂದು ವಕೀಲರು ಬೆನ್ನು ತಟ್ಟಿದರು.

“ಆ ಜಮಖಾನಿ...” ಎಂದ ಬಾಷಾಸಾಬ.

“ಅಗದಿ ಉಪಯೋಗಕ್ಕ ಬಂತ್ರಿ ಅದು! ಮೈದಾನ ತಯಾರ ಮಾಡೂ ಮುಂದ ಗೋಣಿಚೀಲ ಎಂಟ ದಿನಕ್ಕ ಹರೀತಿತ್ತು. ನಿಮ್ಮದನ್ನ ಎರಡ ತುಂಡ ಮಾಡಿಸೇವಿ, ಇನ್ನೂ ಗಟ್ಟಿ ಐತಿ ನೋಡ್ರಿ. ನೇಯ್ಗಿ ಅಂದ್ರ ನಿಮ್ಮ ಊರಿಂದು.” ವಕೀಲರ ಮುಖದಲ್ಲಿ ಕುಹಕದ ಗೆರೆಯೂ ಇರಲಿಲ್ಲ. ಅವರು ಮನಸಾರೆ ಹೊಗಳುತ್ತಿದ್ದರು.

ಬಾಷಾಸಾಬ ಕಾರಿನ ಕಡೆ ಕೈ ತೋರಿಸಿದ. “ಅದನ್ನ ತಿರುಗಿ ಒಯ್ಯಬೇಕಾಗಿತ್ರಿ. ಮನ್ಯಾಗ ಹೆಣ್ಮಕ್ಕಳು ಕೇಳಾಕತ್ತಾರ. ಬದಲಿ ಹೊಸಾದ ತಂದೇನಿ.”

“ಹೊಲಸಾಗೇತಲ್ರಿ, ಏನ್ ಮಾಡತೀರಿ ಅದನ್ನ ಒಯ್ದು? ಇರಲಿ, ನಿಮ್ಮ ಮರ್ಜಿ. ಬೀರಲಿಂಗ್ಯಾ, ಹಗ್ಗ ಬಿಚ್ಚಲೇ! ಸಾಹೇಬ್ರು ಹೊಸಾದ ತಂದಾರಂತ!”

ಆ ಹಗ್ಗ ಇನ್ನು ಹೊಸದಕ್ಕೆ ಬೀಳುತ್ತದೆಂದು ಬಾಷಾಸಾಬನಿಗೆ ತಿಳಿಯುವಷ್ಟರಲ್ಲಿ ಅವನು ಕಾರಿನ ಬಾಗಿಲು ತೆರೆದಾಗಿತ್ತು. ಕೊಡುವುದಿಲ್ಲ ಎನ್ನಬಹುದಾಗಿತ್ತು. ಹಾಗೆಂದರೆ ನವಿಲು ಅಲ್ಲೇ ಉಳಿಯುತ್ತಿತ್ತು. ನವಿಲು ಉಳಿದರೆ ಮನೆಯ ಮಗ್ಗದ ಮೇಲೆ ಬಿಗಿದ ನೂಲು ಬರಿದೆ ಉಳಿಯುತ್ತಿತ್ತು. ಮತ್ತು ಒಳಗಿನ ಸಾಲಿನಲ್ಲಿ ಅವನ ಕುರ್ಚಿಯೂ ಬರಿದೆ ಉಳಿಯುತ್ತಿತ್ತು ಎಂಬುದನ್ನು ಅವನು ತನಗೆ ತಾನೇ ಹೇಳಿಕೊಳ್ಳಲಿಲ್ಲ. ಸೊಸೆಯ ಪಟ್ಟೆಯ ಜಮಖಾನೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ವಕೀಲರು ಎರಡೂ ಕೈ ಚಾಚಿ ತೆಗೆದುಕೊಂಡರು. ಅವರ ಕೈಯಿಂದ ಅದು ಬೀರಲಿಂಗಪ್ಪನ ಕೈಗೆ ಹೋಯಿತು. ಅವನು ದಪ್ಪ ನೋಡಿ, “ಇದು ಅದಕ್ಕಿಂತ ಛಲೋ ಐತ್ರಿ,” ಎಂದ.

ಚಹಾ ಬಂತು. ಬಾಷಾಸಾಬ ಸಾಲಿನಲ್ಲಿ ಕುಳಿತು ಕುಡಿದ.

ತಿರುಗಿ ಬರುವಾಗ ಕಾರಿನ ತುಂಬ ಎಣ್ಣೆಯ ವಾಸನೆ. ಕಲಘಟಗಿ ದಾಟಿದ ಮೇಲೆ ಬಸವಣ್ಣೆಪ್ಪ ಮೆಲ್ಲಗೆ ಬಾಯಿ ತೆರೆದ. “ಲೇ ಬಾಷಾ, ಅವತ್ತ ಸಂಶ್ಯಾಗ ಆ ಮುದುಕಾ...”

“ಸುಮ್ಮನ ಗಾಡಿ ಹೊಡಿ.”

ಮನೆಯ ಬಾಗಿಲಲ್ಲಿ ಅತ್ತೆ ಸೊಸೆ ಇಬ್ಬರೂ ಕಾಯುತ್ತಿದ್ದರು. ಮಲಿಕಾಬಿ ಎರಡು ತುಂಡುಗಳನ್ನು ಅಂಗಳದಲ್ಲಿ ಬಿಚ್ಚಿ ಹಾಸಿದಳು. ಯಾಕೆ ಎರಡಾಯಿತೆಂದು ಕೇಳಲಿಲ್ಲ. ಮೊದಲು ಸೀಗೆಪುಡಿ ತಂದು ತಿಕ್ಕಿದಳು, ಆಮೇಲೆ ಸಬಕಾರ. ನಸೀಮಾಬಿ ಕೊಡದಿಂದ ನೀರು ಸುರಿದಳು. ಕರಿಯ ನೀರು ಹರಿಯುತ್ತಲೇ ಹೋಯಿತು, ಬಟ್ಟೆ ಕರ್ರಗೇ ಉಳಿಯಿತು. ಕತ್ತರಿಸಿದಲ್ಲಿ ಎಳೆ ಬಿಚ್ಚಿ ಪಗಡೆಯ ಹಾಸು ಅರ್ಧ ಕಳಚಿಹೋಗಿತ್ತು. ಮಲಿಕಾಬಿ ಮಂಡಿಯೂರಿ ಒಂದು ಮೂಲೆಯಿಂದ ಬೆರಳಿಟ್ಟು ಎಣಿಸತೊಡಗಿದಳು. ನವಿಲು ತಿರುಗುವ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಕೆಂಪು ಯಾವುದು, ಹಸಿರು ಯಾವುದು ತಿಳಿಯಲಿಲ್ಲ. ಮತ್ತೆ ಮೂಲೆಯಿಂದ ಹೊರಟಳು. ಮತ್ತೆ ಅಲ್ಲಿಯೇ ನಿಂತಳು.

ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

“ನನ್ನದನ್ನ ಎಲ್ಲಿ ಹಾಸ್ಯಾರ್ರಿ, ಮಾಮಾ?” ಎಂದು ನಸೀಮಾಬಿ ತಗ್ಗಿದ ದನಿಯಲ್ಲಿ ಕೇಳಿದಳು. ಮದುವೆಯಾಗಿ ಬಂದ ಮೇಲೆ ಅವಳು ಮಾವನನ್ನು ಕೇಳಿದ ಮೊದಲ ಪ್ರಶ್ನೆ ಅದು.

“ದೊಡ್ಡ ಹಾಲಿನಾಗ,” ಎಂದ ಬಾಷಾಸಾಬ.

ಹುಡುಗಿಯ ಮುಖ ಅರಳಿತು. ಒಳಗೆ ಹೋಗಿ ಅವಳು ಮಗ್ಗದ ಮುಂದೆ ಕುಳಿತು, ಇನ್ನು ಎಂದೂ ಬಾರದ ನವಿಲಿಗಾಗಿ ಬಣ್ಣದ ಉಂಡೆಗಳನ್ನು ಜೋಡಿಸಿಡತೊಡಗಿದಳು. ಮಲಿಕಾಬಿ ಅವಳನ್ನು ತಡೆಯಲಿಲ್ಲ. ಗಂಡನ ಬಿಳಿಯ ಪ್ಯಾಂಟನ್ನು ನೋಡಿದಳು. ಮೊಣಕಾಲಿನ ಕೆಳಗೆ ಎಣ್ಣೆಯ ಚುಕ್ಕೆ ಹಾರಿದ್ದವು. ಅವನ ಮುಖವನ್ನು ನೋಡಿದಳು.

“ನೀವು ಕುಂತ್ರೇನು?” ಎಂದಳು.

“ಹೂಂ,” ಎಂದ ಬಾಷಾಸಾಬ. “ಕುಂತೆ.”